ಸೀಟು ಇಳಿದಂತೆ ಹ್ಯಾಂಡಲ್ ಏರಿತು

ಕ್ರೂಸರ್ ಬೈಕಿನ ಹ್ಯಾಂಡಲ್ಲಿಗೂ ಫೋರ್ಕಿನ ಮೇಲ್ತಟ್ಟೆಗೂ ನಡುವೆ ಜೋಡಿಯಾಗಿ ಕೂರುವ ಲೋಹದ ತುಂಡುಗಳಿಗೆ ರೈಸರ್ ಎಂದು ಹೆಸರು. ಬೆರಳುದ್ದದ ಸಾಮಾನು. ಗಿಡ್ಡ ರೈಸರ್ ಬಿಚ್ಚಿ ಎತ್ತರದ್ದನ್ನು ಕೂರಿಸಿದರೆ ಹ್ಯಾಂಡಲ್ ಒಂದೆರಡು ಇಂಚು ಮೇಲೇಳುತ್ತದೆ. ಯಾಕೆ ಹಾಕಿಸಿದಿರಿ ಎಂದು ಸವಾರನನ್ನು ಕೇಳಿದರೆ ಸೊಂಟನೋವು, ಭುಜದ ಸೆಳೆತ, ಅಂಗೈ ಜೋಮು ಎಂದು ಪಟ್ಟಿ ಕೊಡುತ್ತಾನೆ. ಪಕ್ಕದಲ್ಲಿ ನಿಂತು ನೋಡಿದವರನ್ನು ಕೇಳಿದರೆ ಒಂದೇ ಮಾತು: ಶೋಕಿ. ಎರಡನೆಯ ಉತ್ತರಕ್ಕೆ ಜನಬೆಂಬಲ ಹೆಚ್ಚು. ಎತ್ತರದ ಹ್ಯಾಂಡಲ್ ಅಂದರೆ ಪುಂಡರ ಗುಂಪು, ಹಾಲಿವುಡ್ ಸಿನಿಮಾ, ಕ್ಯಾಲಿಫೋರ್ನಿಯಾದ ಹೆದ್ದಾರಿ ಎಂಬ ಚಿತ್ರ ಐವತ್ತು ಅರವತ್ತು ವರ್ಷಗಳಿಂದ ತಲೆಯಲ್ಲಿ ಕೂತಿದೆ. ಆದರೆ ಅಮೆರಿಕದ ಮೋಟರ್‌ಸೈಕಲ್ಲಿನ ಚರಿತ್ರೆಯನ್ನು ಹ್ಯಾಂಡಲ್ಲನ್ನಷ್ಟೇ ನೋಡದೆ ಸೀಟು, ಕಾಲಿಡುವ ಜಾಗ, ವೇಗ ಈ ಮೂರರ ಜೊತೆಗಿಟ್ಟು ಓದಿದರೆ ಬೇರೆಯದೇ ಕಥೆ ಕಾಣುತ್ತದೆ. ಹ್ಯಾಂಡಲ್ ತನ್ನಷ್ಟಕ್ಕೆ ಮೇಲೇರಿದ್ದು ಕಡಿಮೆ. ಹೆಚ್ಚಿನ ಸಲ ಅದಕ್ಕೆ ಮೊದಲೇ ಸೀಟು ಕೆಳಗಿಳಿದಿತ್ತು, ಕಾಲು ಮುಂದಕ್ಕೆ ಸರಿದಿತ್ತು. ಕೈಗೆ ಹೊಸ ಜಾಗ ಹುಡುಕುವುದು ಆಮೇಲೆ ಉಳಿದ ಕೆಲಸ. ಇವತ್ತು ಆರಾಮಕ್ಕೆಂದು ಮಾರಾಟವಾಗುವ ರೈಸರ್ ಕಾರ್ಖಾನೆಯವರು ಅರ್ಧಕ್ಕೆ ಬಿಟ್ಟ ಆ ಕೆಲಸವನ್ನೇ ಮುಗಿಸುತ್ತಿದೆ ಎಂಬುದು ನನ್ನ ವಾದ.

ಶುರುವಿನ ಬೈಕುಗಳಿಂದಲೇ ನೋಡೋಣ. 1901ರ ಇಂಡಿಯನ್ ಆಗಲಿ 1903ರ ಹಾರ್ಲೆ-ಡೇವಿಡ್‌ಸನ್ ಆಗಲಿ ಎಂಜಿನ್ ಕಟ್ಟಿದ ಸೈಕಲ್ಲುಗಳು. ಹ್ಯಾಂಡಲ್ ಕೂಡ ಸೈಕಲ್ಲಿನದೇ ವಂಶ: ಉದ್ದವಾಗಿ ಹಿಂದಕ್ಕೆ ಬಾಗಿ, ತುದಿಗಳು ಸವಾರನ ಸೊಂಟದ ಹತ್ತಿರಕ್ಕೇ ಬರುವಂಥದ್ದು. ಆಗಿನ ಅಮೆರಿಕದಲ್ಲಿ ಊರು ದಾಟಿದರೆ ಮಣ್ಣಿನ ರಸ್ತೆ, ಮಳೆ ಬಂದರೆ ಕೆಸರು. ಹೆಚ್ಚಿನ ಬೈಕುಗಳಲ್ಲಿ ಹಿಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಎಂಬುದೇ ಇರಲಿಲ್ಲ. ಹಾರ್ಲೆಯ ದೊಡ್ಡ ಬೈಕುಗಳಿಗೆ ಅದು ಸಿಕ್ಕಿದ್ದು 1958ರ ಡ್ಯುಯೊ-ಗ್ಲೈಡ್ ಮಾದರಿಯಲ್ಲಿ. ಅಲ್ಲಿಯವರೆಗೆ ಗುಂಡಿಯ ಏಟನ್ನು ನುಂಗುವ ಹೊಣೆ ಸೀಟಿನದು. 1912ರಲ್ಲಿ ಹಾರ್ಲೆ ಸೀಟಿನ ಕಂಬದೊಳಗೇ ಸ್ಪ್ರಿಂಗ್ ಕೂರಿಸಿತು. 1914ರ ಸುಮಾರಿಗೆ ಪಾದವನ್ನು ಪೂರ್ತಿ ಊರಬಹುದಾದ ಫುಟ್‌ಬೋರ್ಡ್ ಬಂತು. ಹೀಗೆ ಸವಾರ ಕುರ್ಚಿಯಲ್ಲಿ ಕೂತವನಂತೆ ನೆಟ್ಟಗೆ ಕೂತ. ಮೈಭಾರ ಸೀಟಿನ ಮೇಲೆ, ಕಾಲು ಹೆಚ್ಚುಕಡಿಮೆ ಮಂಡಿಯ ಕೆಳಗೆ, ಕೈ ತಾನಾಗಿ ಇಳಿದು ಬಿದ್ದ ಕಡೆ ಹ್ಯಾಂಡಲ್. ಆ ಹ್ಯಾಂಡಲ್ ಎತ್ತರದ್ದೇನಲ್ಲ, ಎತ್ತರ ಬೇಕಾಗಿಯೂ ಇರಲಿಲ್ಲ. ಸೀಟೇ ಸಾಕಷ್ಟು ಎತ್ತರದಲ್ಲಿತ್ತು. ಈ ಕಾಲದ ಬೈಕುಗಳಲ್ಲಿ ಹ್ಯಾಂಡಲ್, ಸೀಟು, ಫುಟ್‌ಬೋರ್ಡ್ ಒಂದೇ ಲೆಕ್ಕದಲ್ಲಿ ಬಂದವು. ಮುಂದೆ ಕೆಟ್ಟದ್ದು ಈ ಲೆಕ್ಕವೇ.

ಕೆಡಿಸಿದವರು ಮೊದಲು ಕಾರ್ಖಾನೆಯವರಲ್ಲ, ಸವಾರರೇ. 1930ರ ದಶಕದಲ್ಲಿ ಅಮೆರಿಕದ ರೇಸುಗಳಲ್ಲಿ ರಸ್ತೆಯ ಬೈಕನ್ನೇ ಓಡಿಸುವ ವರ್ಗವೊಂದು ಶುರುವಾಗಿ, ಭಾರ ಇಳಿಸಲು ಮಡ್‌ಗಾರ್ಡ್ ಕತ್ತರಿಸುವ ರೂಢಿ ಬಿತ್ತು. ಎರಡನೆಯ ಮಹಾಯುದ್ಧಕ್ಕೆಂದು ಹಾರ್ಲೆ ಸುಮಾರು 90 ಸಾವಿರ ಸೇನಾ ಬೈಕುಗಳನ್ನು ತಯಾರಿಸಿತ್ತು. ಯುದ್ಧ ಮುಗಿದಾಗ ಅವುಗಳಲ್ಲಿ ಎಷ್ಟೋ ಅಗ್ಗದ ದರಕ್ಕೆ ಸಿಕ್ಕವು. ಕೈಯಲ್ಲಿ ಸ್ಪ್ಯಾನರ್ ಹಿಡಿದು ಊರಿಗೆ ಮರಳಿದ ಹುಡುಗರು ಬೇಡದ್ದನ್ನೆಲ್ಲ ಬಿಚ್ಚತೊಡಗಿದರು. ಸ್ಪ್ರಿಂಗಿನ ಅಗಲ ಸೀಟು ಹೋಯಿತು. ಅದರ ಜಾಗದಲ್ಲಿ ತೆಳ್ಳನೆಯ ಸೀಟು ನೇರವಾಗಿ ಚೌಕಟ್ಟಿನ ಮೇಲೆ ಕೂತಿತು. ಒಂದೇ ಏಟಿಗೆ ಸವಾರ ಕೆಲವು ಇಂಚು ಕೆಳಗಿಳಿದ, ಹ್ಯಾಂಡಲ್ ಮಾತ್ರ ಇದ್ದಲ್ಲೇ ಉಳಿಯಿತು. ಆಮೇಲೆ 1950, 60ರ ದಶಕದ ಚಾಪರ್‌ಗಳು ಬಂದವು. ಮುಂದಿನ ಫೋರ್ಕನ್ನು ಉದ್ದ ಮಾಡಿ, ಅದರ ಓರೆಯನ್ನು ಹೆಚ್ಚಿಸಿದಾಗ ಮುಂಭಾಗ ಮೇಲೆದ್ದು ದೂರ ಹೋಯಿತು. ಕಾಲಿಡುವ ಗೂಟಗಳು ಎಂಜಿನ್ನಿನ ಮುಂದಕ್ಕೆ ಸರಿದವು. ಇಷ್ಟೆಲ್ಲ ಆದ ಮೇಲೆ ಹಳೆಯ ಹ್ಯಾಂಡಲ್ ಹಿಡಿಯಬೇಕಾದರೆ ಸವಾರ ಟ್ಯಾಂಕಿನ ಮೇಲೆ ಮಲಗಬೇಕಿತ್ತು. ಹ್ಯಾಂಡಲ್ಲನ್ನು ಮೇಲಕ್ಕೂ ಹಿಂದಕ್ಕೂ ತರದೆ ಗತಿಯಿರಲಿಲ್ಲ. 1969ರ ‘ಈಸಿ ರೈಡರ್’ ಸಿನಿಮಾದಲ್ಲಿ ಪೀಟರ್ ಫಾಂಡ ಓಡಿಸಿದ ‘ಕ್ಯಾಪ್ಟನ್ ಅಮೆರಿಕ’ ಬೈಕು ಈ ಜ್ಯಾಮಿತಿಯ ತುತ್ತತುದಿ. ಪೊಲೀಸ್ ಇಲಾಖೆಯ ಹರಾಜಿನಲ್ಲಿ ಕೊಂಡ ಹಳೆಯ ಹಾರ್ಲೆಗಳಿಂದ ಆ ಸಿನಿಮಾದ ಬೈಕುಗಳನ್ನು ರೂಪಿಸಿ ಕಟ್ಟಿದವರು ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ ಎಂಬ ಇಬ್ಬರು ಕಪ್ಪುಜನಾಂಗದ ಕುಶಲಿಗಳು. ಬೈಕು ಜಗತ್ಪ್ರಸಿದ್ಧವಾಯಿತು, ಅವರ ಹೆಸರು ಮಾತ್ರ ದಶಕಗಳ ಕಾಲ ಯಾರ ಬಾಯಿಗೂ ಬರಲಿಲ್ಲ. ಎತ್ತರದ ಹ್ಯಾಂಡಲ್ ಎಂದರೆ ಬಿಳಿಯ ಪುಂಡರ ಗುರುತು ಎಂದು ನಂಬಿದವರು ಇದನ್ನೂ ಒಂದಿಷ್ಟು ನೆನೆಯಬೇಕು.

ಹಾಗಾದರೆ ಫ್ಯಾಷನ್ನಿನ ಪಾಲೇ ಇಲ್ಲವೇ? ಇಲ್ಲ ಎಂದರೆ ಸುಳ್ಳಾಗುತ್ತದೆ. ಅದಕ್ಕೆ ಗಟ್ಟಿ ಸಾಕ್ಷಿ ಬೈಕಿನಲ್ಲಲ್ಲ, ಮಕ್ಕಳ ಸೈಕಲ್ಲಿನಲ್ಲಿದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ತಮ್ಮ ಸಣ್ಣ ಸೈಕಲ್ಲುಗಳಿಗೆ ಎತ್ತರದ ಹ್ಯಾಂಡಲ್, ಉದ್ದನೆಯ ಸೀಟು ಹಾಕಿಕೊಂಡು ತಿರುಗುವುದನ್ನು ಕಂಡು ಶ್ವಿನ್ ಕಂಪನಿ 1963ರಲ್ಲಿ ಸ್ಟಿಂಗ್-ರೇ ಎಂಬ ಮಾದರಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಅದು ಭರ್ಜರಿಯಾಗಿ ಮಾರಾಟವಾಯಿತು. ಆ ಹುಡುಗರಿಗೆ ಯಾವ ಬೆನ್ನುನೋವೂ ಇರಲಿಲ್ಲ. ಚಾಪರ್ ಕಟ್ಟಿದವರಲ್ಲೂ ಅಷ್ಟೆ, ಹ್ಯಾಂಡಲ್ ಭುಜ ದಾಟಿ ಕಿವಿ ಮುಟ್ಟಿದ ಮೇಲೆ ಅಲ್ಲಿ ಆರಾಮದ ಮಾತಿಗೆ ಅರ್ಥವಿಲ್ಲ. ಕೈ ಎದೆಗಿಂತ ಮೇಲೆಯೇ ಬಹಳ ಹೊತ್ತು ನಿಂತರೆ ಬೆರಳು ಜೋಮು ಹಿಡಿಯುತ್ತದೆ, ಇದಕ್ಕೆ ವೈದ್ಯರನ್ನು ಕೇಳಬೇಕಿಲ್ಲ. ಆದ್ದರಿಂದ ಎರಡನ್ನೂ ಬೇರೆ ಬೇರೆ ಇಟ್ಟು ನೋಡುವುದು ಒಳ್ಳೆಯದು. ಹ್ಯಾಂಡಲ್ ಏರಲೇಬೇಕು ಎಂದದ್ದು ಸೀಟು ಮತ್ತು ಕಾಲಿನ ಲೆಕ್ಕ. ಎಲ್ಲಿಯವರೆಗೆ ಏರಬೇಕು ಎಂಬಲ್ಲಿ ಶೋಕಿ ಒಳಗೆ ನುಗ್ಗಿತು. ಎರಡನೆಯದನ್ನು ತೋರಿಸಿ ಮೊದಲನೆಯದನ್ನು ಅಲ್ಲಗಳೆಯುವಂತಿಲ್ಲ.

ಹ್ಯಾಂಡಲ್ಲಿನ ಎತ್ತರ ಬರೀ ಮನಸ್ಸಿನ ಮಾತಲ್ಲ ಎನ್ನಲು ಬ್ರಿಟನ್ನಿನ ಕಾರ್ಖಾನೆಗಳೇ ಒಳ್ಳೆಯ ಪುರಾವೆ ಬಿಟ್ಟುಹೋಗಿವೆ. 1960ರ ದಶಕದ ಟ್ರಯಂಫ್ ಬೊನೆವಿಲ್ ಬೈಕು ಒಂದೇ ಎಂಜಿನ್, ಒಂದೇ ಚೌಕಟ್ಟಿನಲ್ಲಿ ಎರಡು ಉಡುಪು ತೊಟ್ಟು ಹೊರಬರುತ್ತಿತ್ತು. ಸ್ವದೇಶದವರಿಗೆ ದೊಡ್ಡ ಪೆಟ್ರೋಲ್ ಟ್ಯಾಂಕು, ತಗ್ಗಿನ ಹ್ಯಾಂಡಲ್. ಅಮೆರಿಕಕ್ಕೆ ಹಡಗು ಹತ್ತುವ ಬೈಕಿಗೆ ಚಿಕ್ಕ ಟ್ಯಾಂಕು, ಅಗಲವಾದ ಎತ್ತರದ ಹ್ಯಾಂಡಲ್. ಅದೇ ಹೊತ್ತಿಗೆ ಲಂಡನ್ನಿನ ಏಸ್ ಕೆಫೆಯ ಸುತ್ತಮುತ್ತಲಿನ ಹುಡುಗರು ಇನ್ನೂ ತಗ್ಗಿಗೆ ಹೋಗಿ, ಫೋರ್ಕಿಗೇ ಕಚ್ಚುವ ಗಿಡ್ಡ ಹಿಡಿಕೆಗಳನ್ನು ಹಾಕುತ್ತಿದ್ದರು. ಆದರೆ ಅವರೂ ಹ್ಯಾಂಡಲ್ ಇಳಿಸಿ ಸುಮ್ಮನಾಗಲಿಲ್ಲ. ಫುಟ್‌ರೆಸ್ಟುಗಳನ್ನು ಹಿಂದಕ್ಕೆ ಒಯ್ದರು, ಸೀಟನ್ನೂ ಹಿಂದಕ್ಕೆ ತಳ್ಳಿದರು. ಕಾಲು ಹಿಂದೆ ಹೋದಾಗ ಕೈ ಕೆಳಗಿಳಿಯುತ್ತದೆ, ಕಾಲು ಮುಂದೆ ಹೋದಾಗ ಕೈ ಮೇಲೇರುತ್ತದೆ. ಲಂಡನ್ನೂ ಲಾಸ್ ಏಂಜಲೀಸೂ ಎದುರುಬದುರು ದಿಕ್ಕಿಗೆ ಹೋದಂತೆ ಕಂಡರೂ ಪಾಲಿಸಿದ್ದು ಒಂದೇ ನಿಯಮ. ಅಂಕುಡೊಂಕಿನ ಕಿರಿದಾದ ರಸ್ತೆಯಲ್ಲಿ ವೇಗವಾಗಿ ನುಗ್ಗುವವನಿಗೆ ಒಂದು ಭಂಗಿ ಬೇಕು, ನೂರಾರು ಮೈಲಿ ನೇರ ರಸ್ತೆಯಲ್ಲಿ ಸುಮ್ಮನೆ ಕೂತು ಸಾಗುವವನಿಗೆ ಇನ್ನೊಂದು.

ಕಾರ್ಖಾನೆಯೇ ಸೀಟು ಇಳಿಸಲು ಹೊರಟದ್ದು 1970ರ ದಶಕದಲ್ಲಿ. ಹಾರ್ಲೆ ಸ್ಥಾಪಕರಲ್ಲೊಬ್ಬರ ಮೊಮ್ಮಗ ವಿಲ್ಲಿ ಜಿ. ಡೇವಿಡ್‌ಸನ್, ಗ್ಯಾರೇಜುಗಳಲ್ಲಿ ಸವಾರರು ಮಾಡುತ್ತಿದ್ದುದನ್ನು ಗಮನಿಸಿ, ದೊಡ್ಡ ಬೈಕಿನ ಚೌಕಟ್ಟಿಗೆ ಚಿಕ್ಕ ಸ್ಪೋರ್ಟ್‌ಸ್ಟರ್ ಮಾದರಿಯ ಮುಂಭಾಗ ಜೋಡಿಸಿ 1971ರಲ್ಲಿ ಸೂಪರ್ ಗ್ಲೈಡ್ ತಂದರು. 1977ರಲ್ಲಿ ಬಂದ ಲೋ ರೈಡರ್‌ನ ಸೀಟು ನೆಲದಿಂದ ಸುಮಾರು 27 ಇಂಚು ಮಾತ್ರ. ಅದರ ಹ್ಯಾಂಡಲ್ ಚಪ್ಪಟೆಯಾದದ್ದು, ಆದರೆ ಅದು ಕೂತದ್ದು ಎತ್ತರದ ರೈಸರ್‌ಗಳ ಮೇಲೆ. ಗ್ಯಾರೇಜಿನ ಮದ್ದು ಕಾರ್ಖಾನೆಯ ಮುದ್ರೆ ಒತ್ತಿಸಿಕೊಂಡು ಷೋರೂಮಿಗೆ ಬಂದ ಗಳಿಗೆ ಇದು. 1980ರ ವೈಡ್ ಗ್ಲೈಡ್ ಕಾಲನ್ನೂ ಮುಂದಕ್ಕೆ ಚಾಚಿಸಿತು. ಜಪಾನಿನವರೂ ಸುಮ್ಮನೆ ಕೂರಲಿಲ್ಲ. ಕವಾಸಾಕಿಯ ಎಲ್‌ಟಿಡಿ, ಯಮಹಾದ ಸ್ಪೆಷಲ್, 1981ರ ವಿರಾಗೊ, 1983ರ ಹೋಂಡಾ ಶ್ಯಾಡೊ ಎಲ್ಲವೂ ಮೆಟ್ಟಿಲಿನಾಕಾರದ ತಗ್ಗು ಸೀಟು, ಹಿಂದಕ್ಕೆ ಬಾಗಿದ ಹ್ಯಾಂಡಲ್ ಹೊತ್ತು ಬಂದವು. ಕ್ರೂಸರ್ ಎಂಬ ವರ್ಗ ಹುಟ್ಟಿದ್ದೇ ಹೀಗೆ. ಆದರೆ ಗ್ಯಾರೇಜಿನಲ್ಲಿ ಒಬ್ಬೊಬ್ಬನ ಮೈಗೆ ತಕ್ಕಂತೆ ಆಗುತ್ತಿದ್ದ ಕೆಲಸ ಕಾರ್ಖಾನೆಗೆ ಬಂದಾಗ ಒಂದೇ ಅಳತೆಯಾಯಿತು. ತಗ್ಗು ಸೀಟು ಗಿಡ್ಡ ಸವಾರನಿಗೆ ನೆಲ ಮುಟ್ಟುವ ಧೈರ್ಯ ಕೊಡುತ್ತದೆ, ಷೋರೂಮಿನಲ್ಲಿ ಕೂತು ನೋಡುವ ಐದು ನಿಮಿಷ ಎಲ್ಲರಿಗೂ ಹಿತವಾಗಿರುತ್ತದೆ. ನೋವು ಕಾಣಿಸಿಕೊಳ್ಳುವುದು ಎರಡನೆಯ ಗಂಟೆಯಲ್ಲಿ.

ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸಾಧಾರಣ ಬೈಕಿನಲ್ಲಿ ಪಾದ ಸೊಂಟದ ಕೆಳಗಿರುತ್ತದೆ. ಹಂಪ್ ಬಂದಾಗ ಸವಾರ ಅರೆಕ್ಷಣ ಕಾಲೂರಿ ಮೈ ಎತ್ತಬಲ್ಲ, ಏಟು ಬೆನ್ನಿಗೆ ಹೋಗುವುದಿಲ್ಲ. ಕ್ರೂಸರಿನಲ್ಲಿ ಪಾದ ಮುಂದೆ ಚಾಚಿರುವುದರಿಂದ ಹಾಗೆ ಎದ್ದು ನಿಲ್ಲಲಾಗದು. ಕಾಲು ಮುಂದೆ ಹೋದಷ್ಟೂ ಸೊಂಟ ಹಿಂದಕ್ಕೆ ಮಗುಚಿ, ಬೆನ್ನಿನ ಕೆಳಭಾಗ ಗೂನಾಗುತ್ತದೆ. ಇದರ ಮೇಲೆ ಹ್ಯಾಂಡಲ್ ತಗ್ಗಿನಲ್ಲಿ, ದೂರದಲ್ಲಿ ಇದ್ದರೆ ಭುಜ ಮುಂದಕ್ಕೆ ಜಗ್ಗಿ ಗೂನು ಕುತ್ತಿಗೆಯವರೆಗೂ ಹಬ್ಬುತ್ತದೆ. ಸೀಟು ಎತ್ತರಿಸಿದರೆ ಕಾಲು ನೆಲ ಮುಟ್ಟದು, ಫುಟ್‌ರೆಸ್ಟ್ ಹಿಂದಕ್ಕೆ ತರಲು ಎಂಜಿನ್ ಅಡ್ಡ. ಸುಲಭವಾಗಿ ಜರುಗಿಸಬಹುದಾದದ್ದು ಹ್ಯಾಂಡಲ್ ಒಂದೇ. ಇಲ್ಲಿ ರೈಸರ್ ಮಾಡುವ ಉಪಕಾರ ಹೆಚ್ಚಿನವರು ಗಮನಿಸದಂಥದ್ದು. ಕ್ರೂಸರಿನ ಫೋರ್ಕು ಸುಮಾರು 30 ಡಿಗ್ರಿ ಹಿಂದಕ್ಕೆ ಓರೆಯಾಗಿರುತ್ತದೆ. ನೇರ ರೈಸರ್ ಆ ಓರೆಯ ದಿಕ್ಕಿನಲ್ಲೇ ಬೆಳೆಯುತ್ತದೆ. ಆದ್ದರಿಂದ 2 ಇಂಚು ಎತ್ತರದ ರೈಸರ್ ಹಾಕಿದರೆ ಹ್ಯಾಂಡಲ್ ಮೇಲೇರುವುದು ಸುಮಾರು 1.7 ಇಂಚು, ಜೊತೆಗೆ 1 ಇಂಚು ಸವಾರನ ಕಡೆಗೂ ಬರುತ್ತದೆ. ಬೆನ್ನಿಗೆ ಬೇಕಾಗಿದ್ದದ್ದು ಎತ್ತರದಷ್ಟೇ ಈ 1 ಇಂಚು.

ಗಟ್ಟಿಯಾದ ಆಕ್ಷೇಪವೊಂದು ಗಾಳಿಯದು. ನೆಟ್ಟಗೆ ಕೂತವನ ಎದೆಗೆ ಗಾಳಿ ಬಡಿಯುತ್ತದೆ, ಮುಂದೆ ಬಾಗಿದವನನ್ನು ಅದೇ ಗಾಳಿ ಎತ್ತಿ ಹಿಡಿದು ಅಂಗೈಯ ಭಾರ ಇಳಿಸುತ್ತದೆ, ಹಾಗಾಗಿ ದೂರದ ದಾರಿಗೆ ತಗ್ಗಿನ ಹ್ಯಾಂಡಲ್ಲೇ ಮೇಲು ಎನ್ನುವವರಿದ್ದಾರೆ. ಮಾತು ನಿಜ, ಆದರೆ ಅರ್ಧ ನಿಜ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ.ಗೆ ಹೋಲಿಸಿದರೆ 110ರಲ್ಲಿ ಅದು ಹೆಚ್ಚುಕಡಿಮೆ ಎರಡು ಪಟ್ಟು. ಎಂದ ಮೇಲೆ ಪ್ರಶ್ನೆ ಸವಾರ ಎಷ್ಟು ವೇಗದಲ್ಲಿ ಹೋಗುತ್ತಾನೆ ಎಂಬುದು. ಇಲ್ಲಿ ಚರಿತ್ರೆ ಒಂದು ಕುತೂಹಲದ ಸುಳಿವು ಕೊಡುತ್ತದೆ. ಅರಬ್ ದೇಶಗಳ ತೈಲ ನಿರ್ಬಂಧದ ಬಿಸಿಗೆ 1974ರ ಜನವರಿಯಲ್ಲಿ ಅಮೆರಿಕ ದೇಶಾದ್ಯಂತ ಗಂಟೆಗೆ 55 ಮೈಲಿಯ ವೇಗಮಿತಿ ತಂದಿತು. ಅಂದರೆ 88 ಕಿ.ಮೀ. ಹಳ್ಳಿಗಾಡಿನ ಹೆದ್ದಾರಿಗಳಲ್ಲಿ ಅದು 1987ರಲ್ಲಿ ಸಡಿಲವಾಯಿತು, 1995ರಲ್ಲಿ ಪೂರ್ತಿ ಹೋಯಿತು. ಲೋ ರೈಡರ್, ವೈಡ್ ಗ್ಲೈಡ್, ವಿರಾಗೊ, ಶ್ಯಾಡೊ ಎಲ್ಲವೂ ಹುಟ್ಟಿದ್ದು ಈ ಮಿತಿಯ ಕಾಲದಲ್ಲಿ. ಮಿತಿಯೇ ಅವುಗಳನ್ನು ಹುಟ್ಟಿಸಿತು ಎಂದು ಹೇಳಲಾರೆ, ಚಾಪರ್‌ಗಳು ಅದಕ್ಕೂ ಮೊದಲಿನವು. ಆದರೆ ನೆಟ್ಟಗೆ ಕೂತು ದಿನವಿಡೀ ಸಾಗುವ ಭಂಗಿಗೆ ಕಾನೂನೇ ತಕ್ಕ ವೇಗವನ್ನು ಒದಗಿಸಿಕೊಟ್ಟಿತು. ಅದಕ್ಕಿಂತ ಜೋರಾಗಿ ಹೋಗುವವರಿಗೆ ಬೇರೆ ದಾರಿಯಿತ್ತು. ಹಾರ್ಲೆಯ ಎಲೆಕ್ಟ್ರ ಗ್ಲೈಡಿಗೆ 1969ರಲ್ಲಿ ಬಾವಲಿ ರೆಕ್ಕೆಯಾಕಾರದ ಗಾಳಿತಡೆ ಬಂದಿತ್ತು. ಕ್ರೇಗ್ ವೆಟರ್ ಎಂಬ ವಿನ್ಯಾಸಕಾರನ ವಿಂಡ್‌ಜಾಮರ್ 1970ರ ದಶಕದಲ್ಲಿ ಯಾವ ಬೈಕಿಗಾದರೂ ಹಾಕಿಕೊಳ್ಳಬಹುದಾದ ಗಾಳಿತಡೆಯಾಗಿ ಹೆಸರು ಮಾಡಿತು. ಗಾಳಿಯನ್ನು ಬೇರೆಯದು ತಡೆದರೆ ಬೆನ್ನು ಬಗ್ಗಿಸುವ ಅಗತ್ಯವಿಲ್ಲ.

ಇನ್ನೊಂದು ಆಕ್ಷೇಪ ಸುರಕ್ಷತೆಯದು, ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ಹಲವು ರಾಜ್ಯಗಳು ಹ್ಯಾಂಡಲ್ ಎತ್ತರಕ್ಕೆ ಮಿತಿ ಹಾಕಿದವು. ಕೆಲವೆಡೆ ಸೀಟಿನಿಂದ 15 ಇಂಚು, ಕೆಲವೆಡೆ ಸವಾರನ ಭುಜದ ಮಟ್ಟ. ಕ್ಯಾಲಿಫೋರ್ನಿಯಾದಲ್ಲಿ ಈಗಿನ ನಿಯಮ ಭುಜಕ್ಕಿಂತ 6 ಇಂಚು ಮೇಲಿನವರೆಗೆ ಬಿಡುತ್ತದೆ. ಈ ಕಾನೂನುಗಳ ಹಿಂದೆ ಬೈಕ್ ಗ್ಯಾಂಗುಗಳನ್ನು ಹಿಡಿಯಲು ಪೊಲೀಸರಿಗೊಂದು ನೆಪ ಬೇಕಿತ್ತು ಎಂಬ ದೂರು ಹಳೆಯದು. ಅದರಲ್ಲಿ ಹುರುಳಿದ್ದರೂ ಅಪಾಯ ಬರೀ ಕಟ್ಟುಕಥೆಯಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ ಸುಮಾರು 900 ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ, 3,600 ಪೊಲೀಸ್ ವರದಿಗಳನ್ನು ಓದಿ 1981ರಲ್ಲಿ ಕೊಟ್ಟ ವರದಿ ಈ ವಿಷಯದಲ್ಲಿ ಇಂದಿಗೂ ಮೊದಲು ನೆನಪಾಗುವಂಥದ್ದು. ಅರೆ-ಚಾಪರ್ ರೀತಿಯಲ್ಲಿ ಬದಲಾಯಿಸಿದ ಬೈಕುಗಳು ರಸ್ತೆಯಲ್ಲಿ ತಮ್ಮ ಪಾಲಿಗಿಂತ ಹೆಚ್ಚಾಗಿ ಅಪಘಾತಗಳಲ್ಲಿ ಕಾಣಿಸಿಕೊಂಡವು ಎಂದು ಅದು ಹೇಳಿತು. ಎತ್ತರದ ಹ್ಯಾಂಡಲ್ಲನ್ನು ಬೈಯುವವರು ಇಷ್ಟಕ್ಕೇ ಓದು ನಿಲ್ಲಿಸುತ್ತಾರೆ. ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ, ಅದೇ ಉಸಿರಿನಲ್ಲಿ ಕೆಫೆ ರೇಸರ್ ರೀತಿಯ, ಅಂದರೆ ಲಂಡನ್ನಿನ ಆ ಹುಡುಗರ ರೀತಿಯ ಬದಲಾವಣೆಯನ್ನೂ ವರದಿ ಹೆಸರಿಸಿದೆ. ಅಂದರೆ ತೀರ ತಗ್ಗಿಸಿದ್ದೂ ಅಪಾಯಕಾರಿ ಪಟ್ಟಿಯಲ್ಲೇ ಇದೆ. ಎತ್ತರವೇ ದೋಷಿಯಾಗಿದ್ದರೆ ಹೀಗಾಗುತ್ತಿರಲಿಲ್ಲ. ಬದಲಾವಣೆ ಮಾಡಿಸಿದವನ ವಯಸ್ಸು, ಅವನ ಓಡಿಸುವ ರೀತಿ, ಕೆಲಸ ಮಾಡಿದವನ ಕೈ ಎಲ್ಲವೂ ಆ ಅಂಕಿಯೊಳಗೆ ಬೆರೆತಿವೆ ಎಂದು ಓದುವುದೇ ಸರಿ. ಭುಜದ ಮಟ್ಟ ಎಂದು ಕಾನೂನು ಎಳೆದ ಗೆರೆಯೂ ಬೆರಳು ಜೋಮು ಹಿಡಿಯುವ ಗೆರೆಯೂ ಹೆಚ್ಚುಕಡಿಮೆ ಒಂದೇ. ಆರಾಮಕ್ಕೆಂದು 2 ಇಂಚು ಏರಿಸಿದವನ ಕೈ ಆ ಗೆರೆಯ ಹತ್ತಿರಕ್ಕೂ ಹೋಗಿರುವುದಿಲ್ಲ.

ಕೆಲಸ ಮಾಡಿದವನ ಕೈ ಎಂದೆನಲ್ಲ, ನಿಜವಾದ ಅಪಾಯ ಅಲ್ಲೇ ಇದೆ. ಹ್ಯಾಂಡಲ್ ಏರಿದಾಗ ಅದಕ್ಕೆ ಜೋತುಬಿದ್ದ ಎಲ್ಲವೂ ಏರಬೇಕು: ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಮುಂದಿನ ಬ್ರೇಕಿನ ಹೋಸ್‌ಪೈಪು, ಸ್ವಿಚ್ಚುಗಳ ವೈರು. 2 ಇಂಚಿಗೆ ಮೂಲ ಕೇಬಲ್ಲುಗಳೇ ಸಾಕಾಗಬಹುದು, ಸಾಕಾದಂತೆ ಕಾಣಲೂಬಹುದು. ತಿಳಿದ ಮೆಕ್ಯಾನಿಕ್ ಬೋಲ್ಟು ಬಿಗಿದೊಡನೆ ಕೀ ಕೊಟ್ಟು ಕಳಿಸುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ, ನಿಧಾನಕ್ಕೆ ಬಡಿದುಕೊಳ್ಳಲು ಬಿಟ್ಟು, ಹ್ಯಾಂಡಲ್ಲನ್ನು ಎಡದ ತುದಿಗೂ ಬಲದ ತುದಿಗೂ ತಿರುಗಿಸುತ್ತಾನೆ. ಯಾವ ತುದಿಯಲ್ಲಾದರೂ ಎಂಜಿನ್ ಸದ್ದು ತಾನಾಗಿ ಏರಿದರೆ ಕೇಬಲ್ ಎಳೆಯುತ್ತಿದೆ ಎಂದರ್ಥ. ಯು-ಟರ್ನ್ ಹೊಡೆಯುವಾಗ ಬೈಕು ಮುಂದಕ್ಕೆ ಹಾರುವುದು ಇಂಥ ಕೇಬಲ್ಲಿನಿಂದಲೇ. ಬ್ರೇಕಿನ ಹೋಸ್ ತುದಿಯಲ್ಲಿ ಬಿಗಿದು ಬೆಳ್ಳಗಾದರೆ ಬೇರೆಯದನ್ನೇ ಹಾಕಬೇಕು. ಹಾರ್ಲೆಯ ಹಲವು ಮಾದರಿಗಳಲ್ಲಿ ರೈಸರ್ ರಬ್ಬರ್ ಬುಷ್ ಮೇಲೆ ಕೂರುತ್ತದೆ, ಎಂಜಿನ್ನಿನ ನಡುಕ ಅಂಗೈಗೆ ಬಾರದಿರಲೆಂದು. ರೈಸರ್ ಎತ್ತರವಾದಷ್ಟೂ ಸನ್ನೆಯ ಬಲ ಹೆಚ್ಚಿ ಆ ರಬ್ಬರು ಬಾಗತೊಡಗುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಒಂದು ಹೇಳಿದರೆ ಚಕ್ರ ಇನ್ನೊಂದು ಕೇಳಿದಂತಾಗುತ್ತದೆ. ಆಗ ಗಡುಸಾದ ಪಾಲಿಯುರೇಥೇನ್ ಬುಷ್ ಹಾಕುತ್ತಾರೆ, ಅದಕ್ಕೆ ಬೆಲೆಯಾಗಿ ಒಂದಿಷ್ಟು ನಡುಕ ಕೈಗೆ ಮರಳುತ್ತದೆ. ಹಾರ್ಲೆಯ ಹ್ಯಾಂಡಲ್ ಕೊಳವೆ ರೈಸರ್ ಕಚ್ಚುವಲ್ಲಿ 1 ಇಂಚು ದಪ್ಪ, ಜಪಾನಿನ ಹಾಗೂ ನಮ್ಮ ಹೆಚ್ಚಿನ ಬೈಕುಗಳದು 22 ಮಿ.ಮೀ. ಒಂದರ ರೈಸರನ್ನು ಇನ್ನೊಂದಕ್ಕೆ ತಗಡು ಸುತ್ತಿ ಹೊಂದಿಸುವ ಜಾಣತನ ಎಲ್ಲಿಯೂ ಬೇಡ.

ಎತ್ತರದ ಹ್ಯಾಂಡಲ್ಲಿನಲ್ಲಿ ಬೈಕಿನ ಮೇಲೆ ಹಿಡಿತವೇ ಇರುವುದಿಲ್ಲ ಎಂಬ ನಂಬಿಕೆಗೆ ಈಚಿನ ಉತ್ತರ ಬಂದದ್ದು ಅನಿರೀಕ್ಷಿತ ಕಡೆಯಿಂದ, ರೇಸ್ ಟ್ರ್ಯಾಕಿನಿಂದ. 2020ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಗೂನ ಸೇಕಾದಲ್ಲಿ ಪಕ್ಕಪೆಟ್ಟಿಗೆ ಹೊತ್ತ ಭಾರಿ ಪ್ರವಾಸಿ ಬೈಕುಗಳಿಗೆಂದೇ ‘ಕಿಂಗ್ ಆಫ್ ದಿ ಬ್ಯಾಗರ್ಸ್’ ಎಂಬ ಪಂದ್ಯ ನಡೆಯಿತು. ಇಂಡಿಯನ್ ಚಾಲೆಂಜರ್ ಓಡಿಸಿದ ಟೈಲರ್ ಓಹಾರ ಗೆದ್ದರು. ಮೊದಲು ತಮಾಷೆಯಾಗಿ ಕಂಡ ಈ ಪಂದ್ಯ ಆಮೇಲೆ ಪೂರ್ಣ ಸರಣಿಯಾಗಿ ಬೆಳೆಯಿತು. ಈ ವರ್ಗದ ಬೈಕುಗಳಲ್ಲಿ ಅಗಲ ಹ್ಯಾಂಡಲ್ ಎತ್ತರದ ರೈಸರ್ ಮೇಲೆ ಕೂತಿರುವುದು ಸಾಮಾನ್ಯ ನೋಟ. ಇನ್ನೂರು ಕಿಲೊಗೂ ಮಿಕ್ಕಿ ತೂಗುವ ಬೈಕನ್ನು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಮಗುಚಲು ಸನ್ನೆ ಬೇಕು, ಸನ್ನೆಗೆ ಅಗಲ ಬೇಕು, ಅಗಲ ಹ್ಯಾಂಡಲ್ ದೊಡ್ಡ ಟ್ಯಾಂಕಿಗೂ ಮಂಡಿಗೂ ತಾಗದಿರಲು ಎತ್ತರ ಬೇಕು. ಶೋಕಿಯಿಂದ ಯಾರೂ ರೇಸ್ ಗೆಲ್ಲುವುದಿಲ್ಲ.

ನಮ್ಮಲ್ಲಿ ಈ ಪ್ರಶ್ನೆ ಎದ್ದದ್ದು ತಡವಾಗಿ, ಅದಕ್ಕೆ ಕಾರಣವೂ ಸೀಟೇ. 1960ರ ದಶಕದ ಮೊದಲಿನಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳಲ್ಲಾಗಲಿ ಮದ್ರಾಸಿನ ಬುಲೆಟ್ಟಿನಲ್ಲಾಗಲಿ ಪಾದ ಮೈಯ ಕೆಳಗೇ ಇತ್ತು, ಹ್ಯಾಂಡಲ್ ಏರಿಸುವ ಅಗತ್ಯ ಬೀಳಲಿಲ್ಲ. 2001ರಲ್ಲಿ ಬಜಾಜ್ ತಂದ ಕವಾಸಾಕಿ ಎಲಿಮಿನೇಟರ್, 2005ರಲ್ಲಿ ಅದರ ಜಾಗಕ್ಕೆ ಬಂದ ಅವೆಂಜರ್ ಇವುಗಳಿಂದ ಕಾಲು ಮುಂದೆ ಚಾಚುವ ಭಂಗಿ ಜನಸಾಮಾನ್ಯರ ಕೈಗೆಟುಕಿತು. 2015ರಲ್ಲಿ ಬಜಾಜ್ ಅದೇ ಅವೆಂಜರನ್ನು ಎರಡು ಹ್ಯಾಂಡಲ್ಲಿನಲ್ಲಿ ಬಿಟ್ಟಿತು: ಹಿಂದಕ್ಕೆ ಬಾಗಿದ ಎತ್ತರದ್ದಕ್ಕೆ ಕ್ರೂಸ್, ತಗ್ಗಿನ ಚಪ್ಪಟೆ ಹ್ಯಾಂಡಲ್ಲಿಗೆ ಸ್ಟ್ರೀಟ್ ಎಂದು ಹೆಸರು. ದೂರದ ದಾರಿಗೆ ಯಾವುದು, ಊರೊಳಗಿನ ಓಡಾಟಕ್ಕೆ ಯಾವುದು ಎಂಬುದನ್ನು ಕಂಪನಿಯೇ ಹೆಸರಿನಲ್ಲಿ ಬರೆದುಕೊಟ್ಟಂತಾಯಿತು. 2020ರ ಮೀಟಿಯರ್ 350 ಸಹ ಅಬ್ಬರವಿಲ್ಲದೆ 80, 90 ಕಿ.ಮೀ. ವೇಗದಲ್ಲಿ ಸಾಗಲೆಂದೇ ಮಾಡಿದ ಬೈಕು. ಅಮೆರಿಕದ ಆ 55 ಮೈಲಿಯ ಮಿತಿಯೂ ಇದೇ ಆಸುಪಾಸಿನದು, ಗಾಳಿಯ ಆಕ್ಷೇಪಕ್ಕೆ ಇಲ್ಲಿ ಅಷ್ಟೇನೂ ಬಲವಿಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಿಂದ 2023ರ ಆಗಸ್ಟ್ 1ರಿಂದ ಬೈಕುಗಳನ್ನು ಹೊರಗಿಟ್ಟ ಮೇಲಂತೂ ಸರ್ವಿಸ್ ರಸ್ತೆಯೇ ಗತಿ, ಅಲ್ಲಿ ಬೆನ್ನಿನ ಶತ್ರು ಗಾಳಿಯಲ್ಲ, ಹಂಪು. ಇನ್ನು ಕಾನೂನು: ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ಮೂಲ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸಬಾರದು ಎನ್ನುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಬಣ್ಣ, ತೂಕ, ಸೀಟುಗಳ ಸಂಖ್ಯೆ ಎಲ್ಲಕ್ಕೂ ಜಾಗವಿದೆ, ಹ್ಯಾಂಡಲ್ ಎತ್ತರಕ್ಕೆ ಕಾಲಂ ಇಲ್ಲ. ಹಾಗೆಂದು ತಪಾಸಣೆಗೆ ನಿಂತ ಅಧಿಕಾರಿ ಭುಜದ ಮೇಲೆ ಹೋದ ಹ್ಯಾಂಡಲ್ಲನ್ನು ನೋಡಿ ಸುಮ್ಮನಿರಬೇಕಾಗಿಲ್ಲ. ಟ್ಯಾಂಕಿನ ಹಿಂದೆ ನೆಟ್ಟಗೆ ಕೂತವನ ಮೊಣಕೈ ಸ್ವಲ್ಪ ಮಡಿಚಿದ್ದು, ಮುಷ್ಟಿ ಎದೆಯ ಮಟ್ಟಕ್ಕಿಂತ ಕೆಳಗಿದ್ದರೆ, ಆ ರೈಸರ್ ಇದೆಯೆಂಬುದು ಅಧಿಕಾರಿಯ ಕಣ್ಣಿಗೆ ಬೀಳುವುದೇ ಅಪರೂಪ.